ವಿಟಮಿನ್ ಡಿ ಎಷ್ಟು, ಊಟ ಎಷ್ಟು: ದೊಡ್ಡ ಕರುಳಿನ ಕ್ಯಾನ್ಸರ್ ತಡೆಯುವ ಲೆಕ್ಕಾಚಾರ

ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಕಾಣಿಸುತ್ತದೆ. ಇದು ನಿಜ. ವಿಟಮಿನ್ ಡಿ ಮಾತ್ರೆ ತೆಗೆದುಕೊಂಡರೆ ಆ ಕ್ಯಾನ್ಸರ್ ತಪ್ಪುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ಮೊದಲ ಮಾತಿನಿಂದ ಎರಡನೆಯದಕ್ಕೆ ಜಿಗಿಯುವುದು ಬಹಳ ಸುಲಭ. ಮಾತ್ರೆ ಮಾರುವವರಷ್ಟೇ ಅಲ್ಲ, ಓದಿಕೊಂಡವರೂ ಜಿಗಿದುಬಿಡುತ್ತಾರೆ. ಅಷ್ಟರಲ್ಲಿ ಪುರಾವೆ ಗಟ್ಟಿಯಾಗಿರುವ ಸಂಗತಿಗಳು, ಅಂದರೆ ನಾರಿನಂಶ, ಸಂಸ್ಕರಿಸಿದ ಮಾಂಸ, ಮದ್ಯ, ಮೈತೂಕ, ಸಮಯಕ್ಕೆ ಸರಿಯಾಗಿ ಮಾಡಿಸುವ ತಪಾಸಣೆ, ಇವೆಲ್ಲ ಹಿಂದೆ ಬೀಳುತ್ತವೆ.

ಕ್ಯಾನ್ಸರ್‌ಗೂ ಮುಂಚೆ ಒಂದು ಪಾಲಿಪ್

ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ಜಗತ್ತಿನ ಅತಿ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಮೂರನೆಯದು, ಸಾವಿನ ಲೆಕ್ಕದಲ್ಲಿ ಎರಡನೆಯದು. 2022ರಲ್ಲಿ ಸುಮಾರು 19 ಲಕ್ಷ ಮಂದಿಯಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಮಂದಿ ಇದರಿಂದ ತೀರಿಕೊಂಡರು. ಆದರೂ ಇದು ದಿಢೀರನೆ ಬರುವ ರೋಗವಲ್ಲ, ಮತ್ತು ತಡೆಗಟ್ಟುವ ಅವಕಾಶವೆಲ್ಲ ಅದರ ಈ ನಿಧಾನದಲ್ಲೇ ಇದೆ.

ದೊಡ್ಡ ಕರುಳಿನ ಒಳಪದರದ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಕಾಂಡಕೋಶಗಳು ಹೊಸ ಜೀವಕೋಶಗಳನ್ನು ಹುಟ್ಟಿಸುತ್ತಲೇ ಇರುತ್ತವೆ. ಅವು ಮೇಲಕ್ಕೆ ಸರಿಯುತ್ತಾ ಬಲಿತು, ಕೆಲವೇ ದಿನಗಳಲ್ಲಿ ಉದುರಿ ಮಲದೊಂದಿಗೆ ಹೊರಹೋಗುತ್ತವೆ. ಇಷ್ಟು ವೇಗವಾಗಿ ವಿಭಜನೆ ನಡೆಯುವ ಕಡೆ ಜೀನ್‌ಗಳ ನಕಲಿನಲ್ಲಿ ತಪ್ಪುಗಳೂ ಆಗುತ್ತವೆ. ಸಾಮಾನ್ಯವಾಗಿ ಮೊದಲು ಕೆಡುವುದು ಎಪಿಸಿ ಎಂಬ ಜೀನ್. ‘ಸಾಕು, ಇನ್ನು ಬೆಳೆಯಬೇಡ’ ಎಂದು ಜೀವಕೋಶಕ್ಕೆ ತಡೆಹಾಕುವ ವ್ಯವಸ್ಥೆಯ ಭಾಗ ಅದು. ಅದು ಕೆಟ್ಟಾಗ ಜೀವಕೋಶಗಳು ಉದುರುವ ಬದಲು ಗುಂಪುಗೂಡಿ ಅಡಿನೋಮ ಎಂಬ ಪಾಲಿಪ್, ಅಂದರೆ ಒಳಪದರದ ಮೇಲಿನ ಸಣ್ಣ ಗಂಟು, ಆಗುತ್ತವೆ. ಆಮೇಲೆ ಕೆ-ರಾಸ್, ಟಿಪಿ53 ಮುಂತಾದ ಜೀನ್‌ಗಳೂ ಒಂದೊಂದಾಗಿ ಕೈಕೊಟ್ಟರೆ ಪಾಲಿಪ್ ದೊಡ್ಡದಾಗಿ ಕ್ಯಾನ್ಸರ್‌ಗೆ ತಿರುಗುತ್ತದೆ. ಫಿಯರಾನ್ ಮತ್ತು ವೋಗೆಲ್‌ಸ್ಟೈನ್ ಎಂಬ ಕ್ಯಾನ್ಸರ್ ವಿಜ್ಞಾನಿಗಳು 1990ರಲ್ಲಿ ಈ ಮೆಟ್ಟಿಲುಗಳನ್ನು ಜೋಡಿಸಿ ತೋರಿಸಿದರು. ಮೊದಲ ಮೆಟ್ಟಿಲಿನಿಂದ ಕೊನೆಯದಕ್ಕೆ ಸಾಮಾನ್ಯವಾಗಿ 10 ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಹೆಚ್ಚಿನ ಪಾಲಿಪ್‌ಗಳು ಕ್ಯಾನ್ಸರ್ ಆಗುವುದೇ ಇಲ್ಲ.

ಈ 10 ವರ್ಷದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ಪ್ರಯೋಗಗಳ ಫಲಿತಾಂಶ ಓದುವಾಗ ಇದು ಬೇಕಾಗುತ್ತದೆ.

ವಿಟಮಿನ್ ಡಿ ಕರುಳಿನಲ್ಲಿ ಮಾಡುವ ಕೆಲಸ

ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ವಸ್ತುವಿದೆ. ಸುಮಾರು 290ರಿಂದ 315 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ-ಬಿ ಕಿರಣ ಬಿದ್ದಾಗ ಅದು ವಿಟಮಿನ್ ಡಿ3 ಆಗುತ್ತದೆ. ಅದು ಯಕೃತ್ತಿಗೆ ಹೋಗಿ 25-ಹೈಡ್ರಾಕ್ಸಿ ವಿಟಮಿನ್ ಡಿ ಆಗುತ್ತದೆ. ಲ್ಯಾಬ್‌ನಲ್ಲಿ ಅಳೆಯುವುದು ಇದನ್ನೇ. ನಂತರ ಮೂತ್ರಪಿಂಡ ಅದನ್ನು ಕ್ಯಾಲ್ಸಿಟ್ರಿಯಾಲ್ ಎಂಬ ಕ್ರಿಯಾಶೀಲ ಹಾರ್ಮೋನ್ ಆಗಿ ಮಾರ್ಪಡಿಸುತ್ತದೆ. ಈ ಕೊನೆಯ ಹಂತವನ್ನು ಕರುಳಿನ ಜೀವಕೋಶಗಳೂ ತಾವಾಗಿಯೇ ಮಾಡಬಲ್ಲವು. ಬೇಕಾದ ಕಿಣ್ವವೂ ಅವುಗಳಲ್ಲಿದೆ, ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕವೂ ಇದೆ. ಹೀಗಾಗಿ ರಕ್ತದಲ್ಲಿ ಕಚ್ಚಾ ಸಾಮಗ್ರಿ ಎಷ್ಟಿದೆ ಎಂಬುದು ಕರುಳಿಗೂ ಮುಖ್ಯವಾಗಬಹುದು ಎಂಬ ತರ್ಕ ಹುಟ್ಟಿತು.

ಪ್ರಯೋಗಾಲಯದಲ್ಲಿ ಕ್ಯಾಲ್ಸಿಟ್ರಿಯಾಲ್ ಕರುಳಿನ ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ನಿಧಾನಿಸುತ್ತದೆ, ಕೋಶಗಳು ಒಂದಕ್ಕೊಂದು ಅಂಟಿಕೊಂಡಿರಲು ಬೇಕಾದ ಇ-ಕ್ಯಾಡ್‌ಹೆರಿನ್ ಪ್ರೋಟೀನನ್ನು ಹೆಚ್ಚಿಸುತ್ತದೆ, ಎಪಿಸಿ ಜೀನ್ ಕೆಟ್ಟಾಗ ಅತಿಯಾಗುವ ಬೆಳವಣಿಗೆಯ ಸಂಕೇತವನ್ನೂ ತಗ್ಗಿಸುತ್ತದೆ. 2002ರಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿ ಗೊತ್ತಾಯಿತು. ಕೊಬ್ಬು ಜೀರ್ಣಿಸಲು ಸುರಿಯುವ ಪಿತ್ತಾಮ್ಲಗಳಲ್ಲಿ ಒಂದು ಪಾಲು ದೊಡ್ಡ ಕರುಳು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಲಿಥೋಕೋಲಿಕ್ ಆಮ್ಲವಾಗುತ್ತದೆ. ಅದು ಕರುಳಿನ ಒಳಪದರಕ್ಕೆ ವಿಷ. ಆ ವಿಷವನ್ನು ಗುರುತಿಸಿ, ಅದನ್ನು ನಿರ್ವಿಷಗೊಳಿಸುವ ಕಿಣ್ವವನ್ನು ತಯಾರಿಸಲು ಹೇಳುವ ಗ್ರಾಹಕ ಬೇರಾವುದೂ ಅಲ್ಲ, ವಿಟಮಿನ್ ಡಿಯದೇ. ವಿಟಮಿನ್ ಮತ್ತು ಊಟ ಎರಡೂ ಒಂದೇ ಜಾಗದಲ್ಲಿ ಸಂಧಿಸುವುದು ಹೀಗೆ.

ಜೀವಶಾಸ್ತ್ರ ಇಷ್ಟು ಚೆನ್ನಾಗಿ ಕೂಡಿಬಂದಾಗ ಉತ್ತರ ಸಿಕ್ಕೇಬಿಟ್ಟಿತು ಅನ್ನಿಸುವುದು ಸಹಜ. ಪೆಟ್ರಿ ತಟ್ಟೆಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ವಸ್ತುಗಳ ಪಟ್ಟಿ ಮಾತ್ರ ಬಹಳ ಉದ್ದವಿದೆ.

ಸಮೀಕ್ಷೆಗಳು ಒಂದು ಹೇಳಿದವು, ಪ್ರಯೋಗಗಳು ಇನ್ನೊಂದು

1980ರಲ್ಲಿ ಸೆಡ್ರಿಕ್ ಗಾರ್ಲಂಡ್ ಮತ್ತು ಫ್ರಾಂಕ್ ಗಾರ್ಲಂಡ್ ಎಂಬ ಸೋದರರು ಅಮೆರಿಕದ ನಕ್ಷೆಯ ಮೇಲೆ ಕರುಳಿನ ಕ್ಯಾನ್ಸರ್ ಸಾವುಗಳನ್ನು ಗುರುತಿಸಿ, ಬಿಸಿಲು ಕಡಿಮೆ ಬೀಳುವ ಉತ್ತರದ ಭಾಗಗಳಲ್ಲಿ ಸಾವು ಹೆಚ್ಚಿರುವುದನ್ನು ತೋರಿಸಿದರು. ಅಲ್ಲಿಂದ ಶುರುವಾದ ಹುಡುಕಾಟದ ದೊಡ್ಡ ಘಟ್ಟ 2019ರಲ್ಲಿ ಬಂತು. 17 ಅಧ್ಯಯನಗಳ ರಕ್ತದ ಮಾದರಿಗಳನ್ನು ಒಟ್ಟುಗೂಡಿಸಿ, 5,706 ರೋಗಿಗಳನ್ನು 7,107 ಆರೋಗ್ಯವಂತರೊಂದಿಗೆ ಹೋಲಿಸಲಾಯಿತು. ಮೂಳೆಗೆ ಸಾಕೆನಿಸುವ ಮಟ್ಟದವರಿಗಿಂತ, ಅಂದರೆ ಮಿಲಿಲೀಟರಿಗೆ 20ರಿಂದ 25 ನ್ಯಾನೊಗ್ರಾಂ ಇರುವವರಿಗಿಂತ, 12ಕ್ಕೂ ಕಡಿಮೆ ಇರುವವರಲ್ಲಿ ಅಪಾಯ ಶೇ 31ರಷ್ಟು ಹೆಚ್ಚಿತ್ತು. 30ರಿಂದ 35ರ ನಡುವೆ ಇದ್ದವರಲ್ಲಿ ಶೇ 19, 35ರಿಂದ 40ರ ನಡುವಿನವರಲ್ಲಿ ಶೇ 27 ಕಡಿಮೆಯಿತ್ತು. 40 ದಾಟಿದ ಮೇಲೆ ಇನ್ನಷ್ಟು ಲಾಭವೇನೂ ಕಾಣಲಿಲ್ಲ.

ಇನ್ನು ಪ್ರಯೋಗಗಳು. ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜ ಮಾತ್ರೆ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಡುವ ಬಗೆಯವು. 2006ರಲ್ಲಿ ಪ್ರಕಟವಾದ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಪ್ರಯೋಗದಲ್ಲಿ ಮುಟ್ಟು ನಿಂತ 36,282 ಮಹಿಳೆಯರಿದ್ದರು. ದಿನಕ್ಕೆ 400 ಯೂನಿಟ್ ವಿಟಮಿನ್ ಡಿ, 1,000 ಮಿಲಿಗ್ರಾಂ ಕ್ಯಾಲ್ಸಿಯಂ, ಸರಾಸರಿ 7 ವರ್ಷ. ಮಾತ್ರೆ ಪಡೆದವರಲ್ಲಿ 168 ಮಂದಿಗೆ, ಪಡೆಯದವರಲ್ಲಿ 154 ಮಂದಿಗೆ ಕ್ಯಾನ್ಸರ್ ಬಂತು. ವ್ಯತ್ಯಾಸವಿಲ್ಲ ಎಂದೇ ಅರ್ಥ. ಡೋಸ್ ಸಾಲದಾಯಿತು ಎಂಬ ಟೀಕೆ ಬಂತು, ಅದು ನ್ಯಾಯವೂ ಆಗಿತ್ತು. 2015ರಲ್ಲಿ ಪಾಲಿಪ್ ತೆಗೆಸಿಕೊಂಡ 2,259 ಮಂದಿಗೆ ದಿನಕ್ಕೆ 1,000 ಯೂನಿಟ್, 1,200 ಮಿಲಿಗ್ರಾಂ ಕ್ಯಾಲ್ಸಿಯಂ, ಅಥವಾ ಎರಡನ್ನೂ ಕೊಟ್ಟು ನೋಡಿದ ಫಲಿತಾಂಶ ಬಂತು. ಮೂರರಿಂದ ಐದು ವರ್ಷದಲ್ಲಿ ಹೊಸ ಪಾಲಿಪ್‌ಗಳು ಕಡಿಮೆಯಾಗಲಿಲ್ಲ. 2019ರ ವೈಟಲ್ ಪ್ರಯೋಗದಲ್ಲಿ 25,871 ಮಂದಿ, ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಮೇಲ್ಪಟ್ಟು. ಕರುಳಿನ ಕ್ಯಾನ್ಸರ್ ಮಾತ್ರೆಯ ಗುಂಪಿನಲ್ಲಿ 51, ಹುಸಿ ಮಾತ್ರೆಯ ಗುಂಪಿನಲ್ಲಿ 47.

ಸಮೀಕ್ಷೆ ಮತ್ತು ಪ್ರಯೋಗ ಹೀಗೆ ಬೇರೆಯಾಗಲು ಕಾರಣಗಳಿವೆ. ಮೊದಲನೆಯದು, ಬೊಜ್ಜು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತು. ಮೈಯಲ್ಲಿ ಕೊಬ್ಬು ಹೆಚ್ಚಿದ್ದಷ್ಟೂ ಅದು ಅಲ್ಲಿ ಹಂಚಿಹೋಗಿ ರಕ್ತದಲ್ಲಿ ಕಡಿಮೆ ಕಾಣುತ್ತದೆ. ಬೊಜ್ಜೇ ಕರುಳಿನ ಕ್ಯಾನ್ಸರ್‌ನ ಕಾರಣಗಳಲ್ಲಿ ಒಂದು. ಹೊರಗೆ ಓಡಾಡುವವರಿಗೆ ಬಿಸಿಲೂ ಸಿಗುತ್ತದೆ, ವ್ಯಾಯಾಮವೂ ಆಗುತ್ತದೆ. ಕರುಳನ್ನು ಕಾಯುವುದು ವ್ಯಾಯಾಮವೇ ಇರಬಹುದು, ಹೆಸರು ಬಿಸಿಲಿಗೆ ಬಂದಿರಬಹುದು. ದೇಹದಲ್ಲಿ ಉರಿಯೂತ ಇದ್ದಾಗಲೂ ವಿಟಮಿನ್ ಡಿ ಮಟ್ಟ ಇಳಿಯುತ್ತದೆ, ಅಂದರೆ ಕೊರತೆ ಕಾಯಿಲೆಯ ಕಾರಣವಾಗಿರುವ ಬದಲು ಅದರ ಪರಿಣಾಮವೂ ಆಗಿರಬಹುದು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸಮೀಕ್ಷೆಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಟೊಂಗೆ ಮುರಿದದ್ದು ಕಾಗೆಯಿಂದಲೇ ಎಂದು ಹೇಳಲು ಅವು ಸಾಲವು.

ಪ್ರಯೋಗಗಳಿಗೂ ಮಿತಿಯಿದೆ. ವೈಟಲ್‌ನಲ್ಲಿ ಪಾಲ್ಗೊಂಡವರ ಸರಾಸರಿ ಮಟ್ಟ ಶುರುವಿನಲ್ಲೇ ಮಿಲಿಲೀಟರಿಗೆ 30 ನ್ಯಾನೊಗ್ರಾಂ ಆಸುಪಾಸಿನಲ್ಲಿತ್ತು, ಮಾತ್ರೆಯಿಂದ ಸುಮಾರು 42ಕ್ಕೆ ಏರಿತು. ಹೊಟ್ಟೆ ತುಂಬಿದವರಿಗೆ ಇನ್ನೊಂದು ತುತ್ತು ಬಡಿಸಿ ಹಸಿವಿನ ಬಗ್ಗೆ ತೀರ್ಮಾನಿಸಿದಂತೆ ಇದು. ಮೇಲಾಗಿ, 10 ವರ್ಷಕ್ಕೂ ಹೆಚ್ಚು ಕಾಲ ಬೆಳೆಯುವ ರೋಗಕ್ಕೆ ಐದು ವರ್ಷದ ಪ್ರಯೋಗ ಚಿಕ್ಕದು. ಹಾಗಾಗಿ, ತೀವ್ರ ಕೊರತೆ ಇರುವವರಿಗೆ ಏನಾದರೂ ಲಾಭ ಇರಬಹುದೆಂಬ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಟ್ಟ ಸರಿಯಿರುವವರು ಕರುಳಿನ ಕ್ಯಾನ್ಸರ್ ತಡೆಯಲೆಂದು ಹೆಚ್ಚಿನ ಡೋಸ್ ನುಂಗಲು ಮಾತ್ರ ಯಾವ ಆಧಾರವೂ ಇಲ್ಲ.

ಹಾಗಾದರೆ ಎಷ್ಟು ತೆಗೆದುಕೊಳ್ಳಬೇಕು

ಕೊರತೆ ಇದ್ದರೆ ಮೂಳೆ ಮತ್ತು ಸ್ನಾಯುಗಳಿಗಾಗಿ ಸರಿಪಡಿಸಿಕೊಳ್ಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನಿಗದಿಪಡಿಸಿದ ಪ್ರಮಾಣ 70 ವರ್ಷದವರೆಗೆ ದಿನಕ್ಕೆ 600 ಯೂನಿಟ್, ನಂತರ 800. ವಯಸ್ಕರಿಗೆ ಮೇಲ್ಮಿತಿ 4,000. ಡಬ್ಬಿಯ ಮೇಲೆ ಮೈಕ್ರೊಗ್ರಾಂ ಎಂದಿದ್ದರೆ 40ರಿಂದ ಗುಣಿಸಿ. 25 ಮೈಕ್ರೊಗ್ರಾಂ ಎಂದರೆ 1,000 ಯೂನಿಟ್.

ರಕ್ತಪರೀಕ್ಷೆಯ ವರದಿ ಓದುವಾಗ ಮೊದಲು ನೋಡಬೇಕಾದದ್ದು ಅಂಕಿಯನ್ನಲ್ಲ, ಅದರ ಪಕ್ಕದ ಅಳತೆಯನ್ನು. ಕೆಲವು ಲ್ಯಾಬ್‌ಗಳು ಮಿಲಿಲೀಟರಿಗೆ ಎಷ್ಟು ನ್ಯಾನೊಗ್ರಾಂ ಎಂದು ಕೊಟ್ಟರೆ, ಇನ್ನು ಕೆಲವು ಲೀಟರಿಗೆ ಎಷ್ಟು ನ್ಯಾನೊಮೋಲ್ ಎಂದು ಕೊಡುತ್ತವೆ. ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು ಬರುತ್ತದೆ. 30 ನ್ಯಾನೊಗ್ರಾಂ ಎಂದರೆ ಚೆನ್ನಾಗಿದೆ; 30 ನ್ಯಾನೊಮೋಲ್ ಎಂದರೆ ಅದು ಬರೀ 12 ನ್ಯಾನೊಗ್ರಾಂ, ಕೊರತೆಯ ಅಂಚು. ಇವೆರಡನ್ನು ಅದಲುಬದಲು ಮಾಡಿಕೊಂಡು ಔಷಧಿ ಬಿಟ್ಟವರೂ ಇದ್ದಾರೆ, ಬೇಡದೆ ಶುರು ಮಾಡಿದವರೂ ಇದ್ದಾರೆ. ಇನ್ನೊಂದು ಮಾತು: ಯಾವ ತೊಂದರೆಯೂ ಇಲ್ಲದ ವಯಸ್ಕರು ಸುಮ್ಮನೆ ಈ ಪರೀಕ್ಷೆ ಮಾಡಿಸಬೇಕಿಲ್ಲ ಎಂದು ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರ ಮಾರ್ಗಸೂಚಿಯಲ್ಲೇ ಹೇಳಿದೆ.

ರಕ್ತದಲ್ಲಿ ಇದರ ಅರ್ಧಾಯುಷ್ಯ ಎರಡು ಮೂರು ವಾರ. ಆದ್ದರಿಂದ ಮಾತ್ರೆ ಶುರುಮಾಡಿದ ತಿಂಗಳಿಗೇ ಮತ್ತೆ ಪರೀಕ್ಷಿಸಿದರೆ ನಿಜವಾದ ಮಟ್ಟ ತಿಳಿಯದು; ಮೂರು ತಿಂಗಳು ಕಾಯಬೇಕು. ಖಾಲಿ ಹೊಟ್ಟೆಯಲ್ಲಿ ನುಂಗುವ ಬದಲು ಸ್ವಲ್ಪ ಕೊಬ್ಬಿರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ.

ತಪ್ಪಾಗುವುದು ಹೆಚ್ಚಾಗಿ ದೊಡ್ಡ ಡೋಸ್‌ಗಳಲ್ಲಿ. 60,000 ಯೂನಿಟ್‌ನ ಕ್ಯಾಪ್ಸೂಲ್ ವಾರಕ್ಕೊಂದರಂತೆ ಕೆಲವು ವಾರ ಮಾತ್ರ ಎಂದು ಬರೆದುಕೊಟ್ಟದ್ದನ್ನು ದಿನಕ್ಕೊಂದರಂತೆ ನುಂಗುವುದು, ಇಲ್ಲವೇ ಹೇಳಿದ ಅವಧಿ ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸುವುದು. ಬೇಡದ ವಿಟಮಿನ್ ಸಿ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗೆ ಹೋಗದೆ ಕೊಬ್ಬಿನಲ್ಲಿ ಕೂತಿರುತ್ತದೆ. ರಕ್ತದಲ್ಲಿ 150 ನ್ಯಾನೊಗ್ರಾಂ ದಾಟಿದರೆ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಮಲಬದ್ಧತೆ, ಮಂಕು ಕಾಣಿಸಿಕೊಳ್ಳಬಹುದು, ಮೂತ್ರಪಿಂಡ ಕೆಡಬಹುದು. ವರ್ಷದ ಕೋಟಾವನ್ನು ಒಂದೇ ಸಲಕ್ಕೆ ಕೊಟ್ಟು ನೋಡಿದ ಪ್ರಯೋಗವೂ 2010ರಲ್ಲಿ ಪ್ರಕಟವಾಗಿದೆ. ವಯಸ್ಸಾದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾಯಿತು. ಮೂತ್ರಪಿಂಡದ ಕಲ್ಲು, ಸಾರ್ಕಾಯ್ಡೋಸಿಸ್, ಪ್ಯಾರಾಥೈರಾಯ್ಡ್ ತೊಂದರೆ ಇರುವವರು, ಥಯಜೈಡ್ ಗುಂಪಿನ ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಶುರುಮಾಡಬಾರದು.

ಬಿಸಿಲಿನಿಂದ ಮಾತ್ರ ಅತಿಯಾಗುವುದಿಲ್ಲ, ಏಕೆಂದರೆ ಹೆಚ್ಚಾದದ್ದನ್ನು ಬಿಸಿಲೇ ಒಡೆದು ನಿರುಪಯುಕ್ತ ವಸ್ತುಗಳಾಗಿ ಮಾಡುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಷ್ಟೇ ಅತಿನೇರಳೆ-ಬಿ ಸಾಕಷ್ಟು ಸಿಗುತ್ತದೆ. ನೆರಳು ಉದ್ದವಿರುವ ಎಳೆಬಿಸಿಲು ಹಿತವಾದರೂ ಈ ಕೆಲಸಕ್ಕೆ ಹೆಚ್ಚು ಬಾರದು. ಕಿಟಕಿಯ ಗಾಜಿನ ಹಿಂದೆ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಕಪ್ಪು ಚರ್ಮದವರಿಗೆ ಹೆಚ್ಚು ಹೊತ್ತು ಬೇಕು. ಆಹಾರದಲ್ಲಿ ಕೊಬ್ಬಿರುವ ಮೀನುಗಳನ್ನು ಬಿಟ್ಟರೆ ದೊಡ್ಡ ಮೂಲಗಳಿಲ್ಲ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40 ಯೂನಿಟ್, ವಿಟಮಿನ್ ಸೇರಿಸಿದ ಒಂದು ಲೋಟ ಹಾಲಿನಲ್ಲಿ ನೂರು ಚಿಲ್ಲರೆ.

ತಟ್ಟೆಯಲ್ಲಿ ಏನಿರಬೇಕು

ನಾರಿನಂಶಕ್ಕೆ ಬರೋಣ. ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ವಿಟಮಿನ್ ಡಿಗೆ ಹಿಡಿದ ಅಳತೆಗೋಲನ್ನೇ ಇದಕ್ಕೂ ಹಿಡಿದರೆ ನಾರಿನ ಪ್ರಯೋಗಗಳೂ ಸೋತಿವೆ. 2000ರಲ್ಲಿ ಪ್ರಕಟವಾದ ಪಾಲಿಪ್ ಪ್ರಿವೆನ್ಷನ್ ಟ್ರಯಲ್‌ನಲ್ಲಿ ಕಡಿಮೆ ಕೊಬ್ಬು, ಹೆಚ್ಚು ನಾರು, ತರಕಾರಿ, ಹಣ್ಣು ತಿಂದವರಲ್ಲಿ ನಾಲ್ಕು ವರ್ಷದಲ್ಲಿ ಶೇ 39.7ರಷ್ಟು ಮಂದಿಗೆ ಪಾಲಿಪ್ ಮರಳಿತು. ಎಂದಿನಂತೆ ತಿಂದವರಲ್ಲಿ ಶೇ 39.5. ಆದರೂ ನಾರಿನ ಪರವಾಗಿ ನಿಲ್ಲಲು ಕಾರಣಗಳಿವೆ. ದೀರ್ಘಕಾಲದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದಾಗ ದಿನಕ್ಕೆ 10 ಗ್ರಾಂ ನಾರು ಹೆಚ್ಚಾದಂತೆ ಅಪಾಯ ಸುಮಾರು ಶೇ 10ರಷ್ಟು ಇಳಿಯುತ್ತದೆ. ದಿನಕ್ಕೆ 90 ಗ್ರಾಂ ತೌಡು ತೆಗೆಯದ ಧಾನ್ಯಕ್ಕೆ ಸುಮಾರು ಶೇ 17. ಜಾಗತಿಕ ಕ್ಯಾನ್ಸರ್ ಸಂಶೋಧನಾ ನಿಧಿ, ಅಂದರೆ ಡಬ್ಲ್ಯುಸಿಆರ್‌ಎಫ್, 2018ರ ವರದಿಯಲ್ಲಿ ಧಾನ್ಯ, ನಾರು ಮತ್ತು ಹಾಲಿನ ಉತ್ಪನ್ನಗಳಿಗೆ ‘ಬಹುಮಟ್ಟಿಗೆ ಖಚಿತ’ ಎಂಬ ದರ್ಜೆ ಕೊಟ್ಟಿತು. ವಿಟಮಿನ್ ಡಿ ಆ ಪಟ್ಟಿಯಲ್ಲಿ ಅದಕ್ಕಿಂತ ಕೆಳಗೆ, ‘ಸೀಮಿತ ಪುರಾವೆ’ಯ ಸಾಲಿನಲ್ಲಿದೆ. ಜೊತೆಗೆ ನಾರಿನ ಊಟದಿಂದ ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಲಾಭವಿದೆ, ಅತಿಯಾಗಿ ವಿಷವಾಗುವ ಭಯವಿಲ್ಲ.

ಮತ್ತೆ, ಅದು ಕೆಲಸ ಮಾಡುವ ಬಗೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ತಯಾರಿಸುತ್ತವೆ. ಆರೋಗ್ಯವಂತ ಕರುಳಿನ ಕೋಶಗಳಿಗೆ ಮುಖ್ಯ ಇಂಧನ ಅದೇ. ಅದೇ ಬ್ಯುಟಿರೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದು ಸಾವಿಗೆ ದೂಡುತ್ತದೆ. 2015ರ ಒಂದು ಅಧ್ಯಯನದಲ್ಲಿ 20 ಆಫ್ರಿಕನ್ ಅಮೆರಿಕನ್ನರಿಗೂ 20 ದಕ್ಷಿಣ ಆಫ್ರಿಕಾದ ಹಳ್ಳಿಗರಿಗೂ ಎರಡು ವಾರ ಊಟ ಅದಲುಬದಲು ಮಾಡಲಾಯಿತು. ನಾರು ಹೆಚ್ಚಿ ಕೊಬ್ಬು ಕಡಿಮೆಯಾದ ಅಮೆರಿಕನ್ನರಲ್ಲಿ ಬ್ಯುಟಿರೇಟ್ ಏರಿತು, ಕರುಳಿನ ಒಳಪದರದ ಉರಿಯೂತ ಮತ್ತು ಕೋಶವಿಭಜನೆ ಇಳಿದವು. ಪಾಶ್ಚಾತ್ಯ ಊಟಕ್ಕೆ ಬದಲಾದ ಹಳ್ಳಿಗರಲ್ಲಿ ಇದರ ತದ್ವಿರುದ್ಧ. ಎರಡೇ ವಾರದಲ್ಲಿ! ಇವು ಅಪಾಯದ ಸೂಚಕಗಳು ಮಾತ್ರ, ಕ್ಯಾನ್ಸರ್ ಅಲ್ಲ. ಆದರೂ ಕರುಳು ಊಟಕ್ಕೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಗುರಿ ದಿನಕ್ಕೆ 25ರಿಂದ 30 ಗ್ರಾಂ. ಲೆಕ್ಕ ಹೀಗೆ ಹಾಕಬಹುದು: 60 ಗ್ರಾಂ ಓಟ್ಸ್‌ನಲ್ಲಿ ಸುಮಾರು 6 ಗ್ರಾಂ, ಬೇಯಿಸಿದ 100 ಗ್ರಾಂ ಕಾಳಿನಲ್ಲಿ 7ರಿಂದ 8, ದಿನವಿಡೀ ಸೇರಿ 300 ಗ್ರಾಂ ತರಕಾರಿಯಲ್ಲಿ 7ರಿಂದ 8, ಸಿಪ್ಪೆ ಸಮೇತ ಒಂದು ಸೇಬಿನಲ್ಲಿ 4, ಒಂದು ಹಿಡಿ ಬಾದಾಮಿಯಲ್ಲಿ 3ಕ್ಕೂ ಹೆಚ್ಚು. ಇಷ್ಟಕ್ಕೇ 27 ದಾಟಿತು. ಹಣ್ಣನ್ನು ಹಿಂಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿಯಿತು, ಲೋಟದಲ್ಲಿ ಬಂದದ್ದು ಸಕ್ಕರೆ ನೀರು. ಕಂದು ಬಣ್ಣದ ಬ್ರೆಡ್ಡೆಲ್ಲ ಇಡೀ ಧಾನ್ಯದ್ದಲ್ಲ. ಬಣ್ಣಕ್ಕೆ ಕ್ಯಾರಮೆಲ್ ಬೆರೆಸುವುದುಂಟು. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಮೊದಲ ಹೆಸರೇ ಇಡೀ ಧಾನ್ಯದ ಹಿಟ್ಟಾಗಿರಬೇಕು. 100 ಗ್ರಾಂಗೆ 6 ಗ್ರಾಂ ನಾರಾದರೂ ಇಲ್ಲದಿದ್ದರೆ ಅದನ್ನು ಹೆಚ್ಚು ನಾರಿನ ಬ್ರೆಡ್ ಎನ್ನಲಾಗದು.

ಹುಮ್ಮಸ್ಸಿನಲ್ಲಿ ಒಂದೇ ದಿನ 12ರಿಂದ 30 ಗ್ರಾಂಗೆ ಹಾರಿದವರು ಹೊಟ್ಟೆಯುಬ್ಬರ, ಗಾಳಿ, ನುಲಿತ ತಾಳಲಾರದೆ ವಾರದೊಳಗೆ ಹಳೆಯ ಊಟಕ್ಕೆ ಮರಳುತ್ತಾರೆ. ಕರುಳಿನ ಬ್ಯಾಕ್ಟೀರಿಯಾಗಳು ಹೊಸ ಊಟಕ್ಕೆ ಹೊಂದಿಕೊಳ್ಳಬೇಕಲ್ಲ. ವಾರಕ್ಕೆ 5 ಗ್ರಾಂನಂತೆ ಏರಿಸಿ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಗಾಳಿ ಕಡಿಮೆ. ನೀರು ಸಾಕಷ್ಟು ಕುಡಿಯದಿದ್ದರೆ ನಾರೇ ಮಲಬದ್ಧತೆ ತರುತ್ತದೆ. ಕರುಳು ಕಿರಿದಾಗಿರುವವರು, ಕ್ರೋನ್ಸ್ ಕಾಯಿಲೆ ಉಲ್ಬಣಿಸಿರುವವರು ಮಾತ್ರ ವೈದ್ಯರು ಹೇಳಿದಂತೆ ನಡೆಯಬೇಕು.

ಹಾಲು, ಮೊಸರಿನ ಕ್ಯಾಲ್ಸಿಯಂ ಕರುಳಿನಲ್ಲಿ ಪಿತ್ತಾಮ್ಲ ಮತ್ತು ಕೊಬ್ಬಿನಾಮ್ಲಗಳನ್ನು ಹಿಡಿದು ಕರಗದ ಸಾಬೂನಿನಂತೆ ಮಾಡಿ ಹೊರಹಾಕುತ್ತದೆ. 5,42,778 ಬ್ರಿಟಿಷ್ ಮಹಿಳೆಯರ ಊಟ ಪರಿಶೀಲಿಸಿದ 2025ರ ವರದಿಯಲ್ಲಿ ದಿನಕ್ಕೆ 300 ಮಿಲಿಗ್ರಾಂ ಹೆಚ್ಚು ಕ್ಯಾಲ್ಸಿಯಂಗೆ, ಅಂದರೆ ಸುಮಾರು ಒಂದು ದೊಡ್ಡ ಲೋಟ ಹಾಲಿನಷ್ಟಕ್ಕೆ, ಅಪಾಯ ಶೇ 17 ಕಡಿಮೆಯಿತ್ತು. ಕ್ಯಾಲ್ಸಿಯಂ ಮಾತ್ರೆಯ ಕಥೆ ಇಷ್ಟು ನೇರವಿಲ್ಲ. 1999ರ ಪ್ರಯೋಗದಲ್ಲಿ 1,200 ಮಿಲಿಗ್ರಾಂ ಮಾತ್ರೆ ಪಾಲಿಪ್ ಮರಳುವುದನ್ನು ಶೇ 38ರಿಂದ 31ಕ್ಕೆ ಇಳಿಸಿತು. 2015ರದ್ದರಲ್ಲಿ ಏನೂ ಆಗಲಿಲ್ಲ. ಅದೇ ಪ್ರಯೋಗದವರನ್ನು ಮುಂದೆ ಗಮನಿಸಿದಾಗ ಗರಗಸದಂಚಿನ ಇನ್ನೊಂದು ಬಗೆಯ ಪಾಲಿಪ್ ಮಾತ್ರೆ ನುಂಗಿದವರಲ್ಲೇ ಹೆಚ್ಚಿತ್ತು ಎಂದು 2018ರಲ್ಲಿ ಗೊತ್ತಾಯಿತು. ಹಾಲು, ಮೊಸರು, ಸೊಪ್ಪು ಸಾಕು. ಬೇರೆ ಕಾರಣವಿಲ್ಲದೆ ಮಾತ್ರೆ ಬೇಡ.

ಇನ್ನು ಬಿಡಬೇಕಾದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು, ಅಂದರೆ ಸಾಸೇಜ್, ಬೇಕನ್, ಹ್ಯಾಮ್, ಸಲಾಮಿಗಳನ್ನು, ತಂಬಾಕಿರುವ ಒಂದನೇ ಗುಂಪಿಗೆ ಸೇರಿಸಿತು. ಪುರಾವೆ ಅಷ್ಟೇ ಖಚಿತ ಎಂದಷ್ಟೇ ಅದರ ಅರ್ಥ. ಅಪಾಯವೂ ಸಿಗರೇಟಿನಷ್ಟೇ ಎಂದಲ್ಲ. ದಿನಕ್ಕೆ 50 ಗ್ರಾಂಗೆ ಅಪಾಯ ಶೇ 18 ಹೆಚ್ಚು. ಜೀವಮಾನದಲ್ಲಿ 100ರಲ್ಲಿ 5 ಮಂದಿಗೆ ಬರುವ ಕಡೆ ಅದು ಸುಮಾರು 6 ಆಗುತ್ತದೆ ಎಂದುಕೊಳ್ಳಿ. ನೈಟ್ರೈಟ್‌ನಿಂದ ಕರುಳಿನಲ್ಲಿ ಎನ್-ನೈಟ್ರೊಸೊ ಸಂಯುಕ್ತಗಳಾಗುತ್ತವೆ, ಅವು ಡಿಎನ್‌ಎಗೆ ಹಾನಿ ಮಾಡುತ್ತವೆ. ‘ನೈಟ್ರೈಟ್ ಸೇರಿಸಿಲ್ಲ’ ಎಂಬ ಚೀಟಿ ನೋಡಿ ನೆಮ್ಮದಿಪಡಬೇಡಿ. ಅಂಥ ಎಷ್ಟೋ ಪೊಟ್ಟಣಗಳಲ್ಲಿ ಸೆಲರಿ ಪುಡಿ ಇರುತ್ತದೆ, ಅದರಿಂದ ಬರುವುದೂ ನೈಟ್ರೈಟೇ. ಕೋಳಿಮಾಂಸದ ಸಾಸೇಜೂ ಸಂಸ್ಕರಿಸಿದ್ದೇ. ದನ, ಹಂದಿ, ಕುರಿ, ಮೇಕೆಯ ತಾಜಾ ಮಾಂಸ ತಿನ್ನುವವರು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ ದಾಟದಿರುವುದು ಒಳ್ಳೆಯದು. ಕೆಂಡದ ಮೇಲೆ ಕರಕಲಾಗುವಂತೆ ಸುಡುವ ಬದಲು ಬೇಯಿಸಿ ತಿನ್ನಿ.

ಮದ್ಯಕ್ಕೆ ಸುರಕ್ಷಿತ ಮಿತಿಯೆಂದು ತೋರಿಸಲು ಗಟ್ಟಿ ಗೆರೆಯಿಲ್ಲ. ದಿನಕ್ಕೆ 30 ಗ್ರಾಂ ಆಲ್ಕೊಹಾಲ್ ದಾಟಿದರೆ ಅಪಾಯ ಖಚಿತ ಎಂದು ಡಬ್ಲ್ಯುಸಿಆರ್‌ಎಫ್ ಹೇಳುತ್ತದೆ. ಕ್ಯಾಲ್ಸಿಯಂ ವಿಷಯದಲ್ಲಿ ಹೇಳಿದ ಅದೇ ಬ್ರಿಟಿಷ್ ಮಹಿಳೆಯರಲ್ಲಿ 20 ಗ್ರಾಂಗೇ ಶೇ 15 ಏರಿಕೆ ಕಂಡಿತ್ತು. ಸೊಂಟದ ಸುತ್ತಳತೆ ಇಳಿಸಿಕೊಳ್ಳುವುದು, ದಿನಾ ನಡೆಯುವುದು ಗೊತ್ತಿದ್ದದ್ದೇ. ನಡಿಗೆಯ ಬಗ್ಗೆ ಒಂದು ಹೊಸ ಸಂಗತಿ ಮಾತ್ರ ಹೇಳಲೇಬೇಕು. ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿಸಿದ 889 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿಸಿದ ಗುಂಪಿನಲ್ಲಿ ಐದು ವರ್ಷದ ಹೊತ್ತಿಗೆ ಶೇ 80.3 ಮಂದಿ ರೋಗ ಮರಳದೆ ಇದ್ದರು. ಬರೀ ಸಲಹೆ ಪಡೆದವರಲ್ಲಿ ಶೇ 73.9. ಇದು ಸಮೀಕ್ಷೆಯಲ್ಲ, ಪ್ರಯೋಗ. ವಿಟಮಿನ್ ಡಿಗೆ ಇಂಥ ಅಂಕಿ ಇನ್ನೂ ಸಿಕ್ಕಿಲ್ಲ.

ಊಟ ಸರಿಯಿದ್ದರೂ ತಪಾಸಣೆ ತಪ್ಪದು

ಪಾಲಿಪ್ ಇರುವಾಗಲೇ ಹುಡುಕಿ ತೆಗೆದರೆ ಅಲ್ಲಿಗೆ ಆ ಕ್ಯಾನ್ಸರ್‌ನ ದಾರಿ ಮುಚ್ಚಿತು. ಯಾವ ಊಟಕ್ಕೂ ಮಾತ್ರೆಗೂ ಈ ಬಲವಿಲ್ಲ. ಅಮೆರಿಕದ ತಜ್ಞರ ಸಮಿತಿ 2021ರಿಂದ ತಪಾಸಣೆಯ ಆರಂಭದ ವಯಸ್ಸನ್ನು 45ಕ್ಕೆ ಇಳಿಸಿದೆ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಎರಡರಲ್ಲಿ ಯಾವುದು ಬೇಗವೋ ಆಗ ಶುರುಮಾಡಬೇಕು. ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡಿಸಿ ಏನೂ ಸಿಗದಿದ್ದರೆ 10 ವರ್ಷಕ್ಕೊಮ್ಮೆ ಸಾಕು. ಇಲ್ಲವಾದರೆ ಮಲದಲ್ಲಿನ ರಕ್ತದ ಅಂಶ ಹುಡುಕುವ ಫಿಟ್ ಪರೀಕ್ಷೆ ಪ್ರತಿ ವರ್ಷ.

ಫಿಟ್ ಮನೆಯಲ್ಲೇ ಆಗುವಂಥದ್ದು. ಮಲ ನೀರಿಗೆ ಬೀಳುವ ಮೊದಲೇ ಕಾಗದದ ಮೇಲೆ ಹಿಡಿದು, ಕಡ್ಡಿಯಿಂದ ನಾಲ್ಕಾರು ಕಡೆ ಚುಚ್ಚಿ, ಕಡ್ಡಿಯ ಗೀರುಗಳು ತುಂಬಿದರೆ ಸಾಕು. ಹೆಚ್ಚು ತುಂಬಿದರೆ ಫಲಿತಾಂಶ ಕೆಡುತ್ತದೆ. ದಿನಾಂಕ ಬರೆದು ಬೇಗ ಕಳಿಸಿ. ಸೆಕೆಯಲ್ಲಿ ಇಟ್ಟರೆ ಹಿಮೋಗ್ಲೋಬಿನ್ ಒಡೆದು, ರಕ್ತ ಇದ್ದರೂ ಇಲ್ಲವೆಂದು ಬರಬಹುದು. ಮುಟ್ಟಿನ ದಿನಗಳಲ್ಲಿ ಬೇಡ. ಇದು ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುವುದರಿಂದ ಊಟದ ಪಥ್ಯ ಬೇಕಿಲ್ಲ. ಕೊಲೊನೊಸ್ಕೋಪಿಗೆ ಮಾತ್ರ ಪಥ್ಯ ತಲೆಕೆಳಗು: ಇಷ್ಟೆಲ್ಲ ಹೊಗಳಿದ ಕಾಳು, ಬೀಜ, ಸಿಪ್ಪೆಗಳನ್ನು ಕೆಲವು ದಿನ ಮುಂಚೆಯೇ ಬಿಡಬೇಕು. ಕರುಳು ಶುಚಿಮಾಡುವ ಭೇದಿ ಔಷಧಿಯ ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಪರೀಕ್ಷೆಗೆ ನಾಲ್ಕಾರು ಗಂಟೆ ಮೊದಲು. ಎರಡನೆಯ ಅರ್ಧವನ್ನು ಬಿಟ್ಟವರ ಬಲಗಡೆಯ ಕರುಳು ಶುಚಿಯಾಗದೆ, ಚಪ್ಪಟೆ ಪಾಲಿಪ್‌ಗಳು ಕಣ್ತಪ್ಪುವುದು ಅಲ್ಲೇ.

ಮಲದಲ್ಲಿ ರಕ್ತ, ಕೆಲವು ವಾರಗಳಾದರೂ ಸರಿಹೋಗದ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ತಪಾಸಣೆಯ ವಯಸ್ಸಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು. ಫಿಟ್ ಪಾಸಿಟಿವ್ ಬಂದಾಗ ಎಲ್ಲೆಡೆ ಆಗುವ ತಪ್ಪು ಒಂದೇ: ಮೂಲವ್ಯಾಧಿ ಇದೆಯಲ್ಲ, ಅದರದೇ ಇರಬೇಕು ಎಂದು ಸುಮ್ಮನಾಗುವುದು, ಇಲ್ಲವೇ ಇನ್ನೊಮ್ಮೆ ಫಿಟ್ ಮಾಡಿಸಿ ನೆಗೆಟಿವ್ ಬಂತೆಂದು ನಿರಾಳವಾಗುವುದು. ಪಾಲಿಪ್‌ನಿಂದ ರಕ್ತ ದಿನಾ ಒಸರುವುದಿಲ್ಲ, ಬಿಟ್ಟುಬಿಟ್ಟು ಬರುತ್ತದೆ. ಒಮ್ಮೆ ಪಾಸಿಟಿವ್ ಬಂದ ಮೇಲೆ ಮುಂದಿನ ಹೆಜ್ಜೆ ಕೊಲೊನೊಸ್ಕೋಪಿಯೇ. ಅದನ್ನು 10 ತಿಂಗಳಿಗೂ ಮೀರಿ ಮುಂದೂಡಿದವರಲ್ಲಿ ಕ್ಯಾನ್ಸರ್ ಹೆಚ್ಚಾಗಿಯೂ, ಮುಂದುವರಿದ ಹಂತದಲ್ಲಿಯೂ ಪತ್ತೆಯಾಗಿದೆ.